ಹದಿನೆಂಟು ಲೀಟರಿನ ಟ್ಯಾಂಕು ಮತ್ತು ಪ್ರೇಮಾವತಿ

೧

ಎಲ್ಲಿಂದ ಶುರು ಮಾಡಲಿ? ಟ್ಯಾಂಕಿನಿಂದಲೋ, ಸೀಟಿನಿಂದಲೋ? ಟ್ಯಾಂಕಿನಿಂದ ಶುರು ಮಾಡಿದರೆ ನಿಜಲಿಂಗಪ್ಪನವರಿಗೆ ಖುಷಿ. ಸೀಟಿನಿಂದ ಮಾಡಿದರೆ ಅವರ ಹೆಂಡತಿ ಪ್ರೇಮಾವತಿಗೆ. ನನಗೆ ಇಬ್ಬರ ಭಯವೂ ಇದೆ. (ಕಥೆಗಾರ ತನ್ನ ಪಾತ್ರಗಳಿಗೆ ಹೆದರಬಾರದಂತೆ. ಹಾಗೆಂದವರು ಪ್ರೇಮಾವತಿಯ ಎದುರು ನಿಂತಿಲ್ಲ.)

ನಾನು ಸಂಜೆ ಕಾಲೇಜಿನಲ್ಲಿ ಓದಿದವನು. ಸರ್ ಕಥೆಯ ಆರಂಭದ ಬಗ್ಗೆ ಹೇಳುವಾಗ ನಾನಿನ್ನೂ ಹಡಪಸರದ ಸಿಗ್ನಲ್ಲಿನಲ್ಲಿ ಇರುತ್ತಿದ್ದೆ. ಅಂತ್ಯದ ಬಗ್ಗೆ ಹೇಳುವಾಗ ಕೊನೆಯ ಬಸ್ಸಿಗೆ ಓಡುತ್ತಿದ್ದೆ. ಕಿವಿಗೆ ಬಿದ್ದದ್ದು ಮಧ್ಯಭಾಗ ಮಾತ್ರ. ಆದ್ದರಿಂದ ಮಧ್ಯದಿಂದಲೇ ಹೊರಡೋಣ.

೧ (ಎರಡನೇ ಸಲ)

೨೦೦೩. ಧನಕವಡಿಯ ಎರಡು ಕೋಣೆಯ ಮನೆ. ಮಾರ್ಕೆಟ್ ಯಾರ್ಡಿನ ಕಾಳಿನ ಮಳಿಗೆಯಲ್ಲಿ ಗುಮಾಸ್ತರಾದ ನಿಜಲಿಂಗಪ್ಪ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಎರಡು ಮೋಟರ್‌ಸೈಕಲ್ಲುಗಳನ್ನು ತೂಗುತ್ತಿದ್ದರು. ಕೊಂಢವಾದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಸ್ವಪ್ನಿಲ್ ಎರಡನ್ನೂ ತೋರಿಸಿದ್ದ. ಒಂದಕ್ಕೆ ಹದಿನೆಂಟು ಲೀಟರಿನ ಟ್ಯಾಂಕು, ಹಲಗೆಯಂಥ ಸೀಟು. ಇನ್ನೊಂದಕ್ಕೆ ಹನ್ನೆರಡೇ ಲೀಟರು, ಆದರೆ ಸೀಟು ಬೀಗರ ಮನೆಯ ಸೋಫಾದಂತೆ. (ಕಂಪನಿಗಳ ಹೆಸರು ಬರೆಯುವುದಿಲ್ಲ. ಹೊಗಳಿದರೆ ಅವರು ನನಗೇನೂ ಕೊಡುವುದಿಲ್ಲ, ತೆಗಳಿದರೆ ಸುಮ್ಮನಿರುವುದಿಲ್ಲ.)

ನಿಜಲಿಂಗಪ್ಪನವರಿಗೆ ಬೇಕಾದದ್ದು ಇಷ್ಟೇ: ಪ್ರೇಮಾವತಿಯನ್ನು ಹಿಂದೆ ಕೂರಿಸಿಕೊಂಡು ನಿಪ್ಪಾಣಿಯಲ್ಲಿರುವ ಆಕೆಯ ಅಕ್ಕ ಗೋದಾ ಅವರ ಮನೆಗೆ ಹೋಗಿ ಬರಬೇಕು. ಹೋಗಿ ಬರಲು ಐನೂರ ನಲವತ್ತು ಕಿಲೋಮೀಟರು. ಅಷ್ಟು ದೂರದಲ್ಲಿ ಒಮ್ಮೆಯೂ ಟ್ಯಾಂಕು ರಿಸರ್ವಿಗೆ, ಅಂದರೆ ತಳದಲ್ಲಿ ಉಳಿದ ಕೊನೆಯ ಪೆಟ್ರೋಲಿಗೆ, ಬರಬಾರದು. ಹದಿನೆಂಟು ಲೀಟರಿನದು ಬರುವುದಿಲ್ಲ, ಹನ್ನೆರಡರದು ಬರುತ್ತದೆ. ಲೆಕ್ಕ ಮುಗಿಯಿತು.

ಕಥೆಯೂ ಮುಗಿಯಿತು. ನಮಸ್ಕಾರ.

(ನೀವಿನ್ನೂ ಹೋಗಿಲ್ಲ. ದಾರಿಯಲ್ಲಿ ಹತ್ತಾರು ಪೆಟ್ರೋಲ್ ಬಂಕುಗಳಿವೆಯಲ್ಲ, ಈ ಮನುಷ್ಯನಿಗೆ ರಿಸರ್ವ್ ಕಂಡರೆ ಯಾಕಿಷ್ಟು ಭಯ ಎಂದು ಕೇಳುತ್ತಿದ್ದೀರಿ. ನ್ಯಾಯವಾದ ಪ್ರಶ್ನೆ.)

೨

ನಾಲ್ಕು ವರ್ಷದ ಹಿಂದಿನ ಮಾತು. ಇದೇ ದಂಪತಿ ಹಳೆಯ ಸ್ಕೂಟರಿನ ಮೇಲೆ ಕಾತ್ರಜ್ ಘಾಟು ಹತ್ತುತ್ತಿದ್ದರು. ಪ್ರೇಮಾವತಿ ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಅರ್ಧ ಏರಿನಲ್ಲಿ ಇಂಜಿನ್ ಕೆಮ್ಮಿತು. ಗಾಡಿ ನಿಲ್ಲಿಸದೆ ನಿಜಲಿಂಗಪ್ಪ ಒಂದು ಕೈ ಬಿಟ್ಟು, ಬಗ್ಗಿ, ಸೀಟಿನ ಕೆಳಗಿದ್ದ ಪೆಟ್ರೋಲ್ ನಲ್ಲಿಯ ಕಿವಿಯನ್ನು ರಿಸರ್ವಿಗೆ ತಿರುಗಿಸಲು ಹೋದರು. ಸ್ಕೂಟರು ವಾಲಿತು. ಪ್ರೇಮಾವತಿ ಬಿದ್ದರು, ಎಡಗೈ ಮಣಿಕಟ್ಟು ಮುರಿಯಿತು. ಅಂದಿನಿಂದ ನಿಪ್ಪಾಣಿಗೆ ಬಸ್ಸು, ತರಕಾರಿಗೆ ನಡಿಗೆ, ಮದುವೆಗೆ ರಿಕ್ಷಾ. ಗಂಡನ ಹಿಂದೆ ಅವರು ಮತ್ತೆ ಕೂತಿಲ್ಲ. ಆ ಏರಿನ ಬಗ್ಗೆ ಇಬ್ಬರೂ ಒಂದು ಮಾತೂ ಆಡಿಲ್ಲ.

೪

(ಮೂರನೆಯದನ್ನು ಹರಿದೆ. ಅದರಲ್ಲಿ ನಿಜಲಿಂಗಪ್ಪ ಕಣ್ಣೀರು ಹಾಕುತ್ತಿದ್ದರು. ಓದಿದ ಅವರಿಗೇ ನಗು ಬಂತು.)

ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಯಾವ ಭಾರವೂ ಚೀಲದ ಲೆಕ್ಕದಲ್ಲೇ ಹೊಳೆಯುತ್ತದೆ. ಶನಿವಾರ ನಿಜಲಿಂಗಪ್ಪ ಮಳಿಗೆಯಿಂದ ಐವತ್ತು ಕಿಲೋ ಜೋಳದ ಚೀಲವೊಂದನ್ನು ರಿಕ್ಷಾದಲ್ಲಿ ಕೊಂಢವಾಕ್ಕೆ ಒಯ್ದರು.

"ಕಾಕಾ, ಹೇ ಪೋತಂ ಕಶಾಲಾ?" ಈ ಚೀಲ ಯಾಕೆಂದು ಸ್ವಪ್ನಿಲ್ ಮರಾಠಿಯಲ್ಲಿ ಕೇಳಿದ.

"ಟ್ರಾಯಲ್," ಎಂದರು ಇವರು. ಚೀಲವನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಎರಡೂ ಗಾಡಿಗಳನ್ನು ಒಂದೊಂದು ಸುತ್ತು ಓಡಿಸಿದರು. ಮನೆಗೆ ಬಂದವರೇ ಉತ್ಸಾಹದಿಂದ ಹೇಳಿಯೂಬಿಟ್ಟರು. ಅದು ಅವರ ತಪ್ಪು. ನಾನು ಬೇಡವೆಂದು ಅಂಚಿನಲ್ಲಿ ಬರೆದಿದ್ದೆ.

"ದೊಡ್ಡ ಟ್ಯಾಂಕಿನ ಗಾಡಿ ಭಾಳ ಛಲೋ ಅದ. ಚೀಲ ಒಂಚೂರೂ ಅಳ್ಳಾಡಲಿಲ್ಲ ನೋಡು."

"ಯಾವ ಚೀಲ?"

"ಜ್ವಾಳದ್ದು. ನಿನ್ನ ಬದಲಿ."

ಪ್ರೇಮಾವತಿ ಲಟ್ಟಣಿಗೆ ಕೆಳಗಿಟ್ಟರು. "ಹೌದ್ರಿ? ಮತ್ತ ಚೀಲ ಏನಂತು? ಸೀಟ್ ಗಟ್ಟಿ ಅದ, ಸೊಂಟ ಹಿಡೀತು ಅಂತೇನು?"

"ಅದೇನಂತದ."

"ಒಂದ ಕಡೆ ಕಾಲ ಬಿಟ್ಟ ಕೂತಿತ್ತೋ, ಎರಡೂ ಕಡೆ ಹಾಕಿ ಕೂತಿತ್ತೋ?"

"ಹಗ್ಗದ್ಲೆ ಕಟ್ಟಿದ್ದೆ."

"ನನಗೂ ಕಟ್ಟವ್ರೇನು?"

"ನಿನ್ನ ಕರದ್ರ ನೀ ಬರ್ತಿದ್ದೇನು?"

"ಕರದೀರೇನು?"

ನಿಜಲಿಂಗಪ್ಪ ಕ್ಯಾಲೆಂಡರಿನತ್ತ ನೋಡಿದರು. ಅದರಲ್ಲಿ ಲೀಟರು, ಕಿಲೋಮೀಟರು, ಸೀಟಿನ ಉದ್ದ ಎಲ್ಲದಕ್ಕೂ ಕಾಲಮ್ಮಿತ್ತು. ಹೆಂಡತಿಯನ್ನು ಕೇಳುವುದಕ್ಕೆ ಇರಲಿಲ್ಲ.

೪, ಮುಂದುವರಿದು

ಇಲ್ಲಿ ನಾನು ನಿಜಲಿಂಗಪ್ಪನವರನ್ನು ಪಕ್ಕಕ್ಕೆ ಕರೆದೆ. ನೋಡಿ, ಒಂದು 'ಸಾರಿ' ಅಂದುಬಿಡಿ, ಕಥೆ ಸಲೀಸಾಗಿ ಇಳಿಜಾರಿಗೆ ಬೀಳುತ್ತದೆ, ಎಂದೆ.

"ಸಾರಿ ಅನ್ನೂದು ಬಸ್ಸಿನ್ಯಾಗ ಯಾರದರ ಕಾಲ ತುಳದಾಗ್ರಿ," ಎಂದರು. "ಇದಕ್ಕ ಏನಂತಾರ? ನೀವು ಬರಿಯೋ ಮಂದಿ, ಹೇಳ್ರಿ."

ನಿಘಂಟು ತೆಗೆದೆ. ಕ್ಷಮಾಪಣೆ, ಪಶ್ಚಾತ್ತಾಪ ಎಂದೆಲ್ಲ ಇತ್ತು. ಅವರು ಒಂದೊಂದನ್ನೂ ಕಾಳು ಪರೀಕ್ಷಿಸುವಂತೆ ಅಂಗೈಯಲ್ಲಿ ಹಿಡಿದು ನೋಡಿ, ವಾಪಸು ಕೊಟ್ಟರು.

ಹಾಗಾದರೆ ನೇರವಾಗಿ ಅಂತ್ಯಕ್ಕೇ ಹೋಗೋಣವೆಂದು ಎರಡು ಬರೆದುಕೊಟ್ಟೆ.

ಅಂತ್ಯ ಒಂದು: ದೊಡ್ಡ ಟ್ಯಾಂಕಿನ ಗಾಡಿ ಬರುತ್ತದೆ. ಪ್ರೇಮಾವತಿ ಬಸ್ಸು ಹತ್ತುತ್ತಾರೆ. ನಿಜಲಿಂಗಪ್ಪ ಬಸ್ಸಿನ ಹಿಂದೆಯೇ ನಿಪ್ಪಾಣಿಯವರೆಗೂ ಗಾಡಿ ಓಡಿಸುತ್ತಾರೆ. ("ಹೊಗಿ ಕುಡ್ಕೋತ ಬರಬೇಕೇನ್ರಿ ನಾ?" ಎಂದರು.)

ಅಂತ್ಯ ಎರಡು: ಸೋಫಾ ಸೀಟಿನ ಗಾಡಿ ಬರುತ್ತದೆ. ಸಾತಾರೆಯಲ್ಲಿ ಪೆಟ್ರೋಲು ಹಾಕಿಸಲು ನಿಲ್ಲಿಸುತ್ತಾರೆ, ಇಬ್ಬರೂ ಚಹಾ ಕುಡಿದು ನಗುತ್ತಾರೆ. ("ಅಲ್ಲೀತನಕ ನಾ ಕೂತದ್ದು ಯಾವಾಗ?" ಎಂದು ಅಡುಗೆಮನೆಯಿಂದ ಪ್ರೇಮಾವತಿ. "ಹತ್ತಿಸದನ ಇಳಸಾಕ ಬಂದೀರಲ್ಲ!")

೫

ರವಿವಾರ ಬೆಳಿಗ್ಗೆ ಸ್ವಪ್ನಿಲ್ ಒಂದು ಗಾಡಿಯನ್ನು ಟ್ರಾಯಲ್ಲಿಗೆಂದು ಗಲ್ಲಿಯಲ್ಲಿ ಬಿಟ್ಟುಹೋದ. (ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನೀವು ಗಾಡಿ ನೋಡುತ್ತೀರಿ, ಇವರಿಬ್ಬರನ್ನು ನೋಡುವುದಿಲ್ಲ.) ನಿಜಲಿಂಗಪ್ಪ ಒಳಗೆ ಹೋಗಿ, ಎರಡು ಸಲ ಗಂಟಲು ಸರಿಮಾಡಿಕೊಂಡು, "ಬರ್ತಿಯೇನು?" ಎಂದು ಕೇಳಿದರು.

ಪ್ರೇಮಾವತಿ ಹೊರಗೆ ಬಂದರು. ಹೆಬ್ಬೆರಳಿನಿಂದ ಸೀಟನ್ನು ಒತ್ತಿ ನೋಡಿದರು.

"ದಾರ್ಯಾಗ ಪೆಟ್ರೋಲ್ ಮುಗೀತಂದ್ರ?"

ಈ ಪ್ರಶ್ನೆಗೆ ನಾನು ನಿಜಲಿಂಗಪ್ಪನವರ ಬಾಯಲ್ಲಿ ಚೆಂದದ ಉತ್ತರವೊಂದನ್ನು ಇಟ್ಟಿದ್ದೆ, ಅಂಕಿಗಳ ಸಮೇತ. ಅವರು ಅದನ್ನು ಹೇಳಲಿಲ್ಲ.

"ನಿಲ್ಲಸ್ತೀನಿ," ಎಂದರು.

"ಏರಿದ್ರನೂ?"

"ಏರಿದ್ರನೂ. ನಿಲ್ಲಸ್ತೀನಿ, ನೀ ಇಳೀತಿ, ಬದಿಗೆ ಹೋಗಿ ನಿಲ್ತಿ. ಆಮ್ಯಾಲ ಕಿವಿ ತಿರವ್ತೀನಿ." ಹ್ಯಾಂಡಲ್ಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಅವತ್ತೂ ನಿಲ್ಲಿಸಬೇಕಾಗಿತ್ತು."

ಈ ಕೊನೆಯ ವಾಕ್ಯ ನನ್ನದಲ್ಲ. ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ.

ಪ್ರೇಮಾವತಿ ತಮ್ಮ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು.

"ನೀವ್ಯಾಕ್ರಿ ಇಲ್ಲಿ ನಿಂತೀರಿ?"

"ಕಥೆ ಬರೀತಾ…"

"ಹೆಣ್ಮಕ್ಕಳು ಗಾಡಿ ಹತ್ತೂದ ನೋಡ್ಕೋತ ನಿಲ್ತಾರೇನ್ರಿ? ಆ ಕಡೆ ಮಾರಿ ಮಾಡ್ರಿ."

"ಹಾಗಾದರೆ ಹತ್ತುತ್ತೀರಾ?" ನನ್ನ ದನಿ ಆಸೆಯಿಂದ ತುಸು ಜೋರಾಯಿತು.

"ಹತ್ತೂದು ಬಿಡೂದು ನಮ್ಮದು. ನೀವು ಮೊದಲ ತಿರಗ್ರಿ."

ತಿರುಗಿದೆ. ಎದುರಿಗೆ ಗೋಡೆ, ಅದರ ಮೇಲೆ ಟೈಪಿಂಗ್ ಕ್ಲಾಸಿನ ಜಾಹೀರಾತು. ಬೆನ್ನ ಹಿಂದೆ ಬಳೆಯ ಸದ್ದು ಕೇಳಿತು. ಇಂಜಿನ್ ಶುರುವಾಯಿತು. ಗಾಡಿ ಗಲ್ಲಿಯ ತಿರುವಿನವರೆಗೆ ನಿಧಾನವಾಗಿ, ಭಾಳ ನಿಧಾನವಾಗಿ ಹೋಯಿತು. ಅದರ ಮೇಲೆ ಒಬ್ಬರಿದ್ದರೋ ಇಬ್ಬರೋ, ಸದ್ದಿನಿಂದ ಹೇಳುವಷ್ಟು ನಾನು ಬಲ್ಲವನಲ್ಲ.

ಓದುಗರೇ, ನಿಮಗೆ ಯಾರೂ 'ತಿರುಗಿ' ಎಂದಿರಲಿಲ್ಲ. ನೋಡಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ನಾನಿನ್ನೂ ಗೋಡೆಯ ಕಡೆಗೇ ಇದ್ದೇನೆ. 'ಸಾಕು, ತಿರುಗಿ' ಎಂದು ಪ್ರೇಮಾವತಿ ಇನ್ನೂ ಹೇಳಿಲ್ಲ.