ಹೆಣಾ ಎತ್ತ್ಲಿ ಅಂದವಳು

ಎಷ್ಟು ಬೆಳ್ಳಗಿವೆ ಇವನ ಹಲ್ಲು, ಓದುವಾಗ ಮೇಲಿನ ಎರಡು ಹಲ್ಲು ಕೆಳತುಟಿಯ ಮೇಲೆ ಕೂರುತ್ತವೆ, ನನ್ನ ಜೋಳದ ರೊಟ್ಟಿ ತಿಂದ ಹಲ್ಲು — ಅಮೆರಿಕದ ಈ ಡುವಾಲ್ ಊರಿನಲ್ಲಿ ನಮ್ಮ ಬೇಲಿಯಾಚೆ ಮನೆ ಹಿಡಿದಿದ್ದ ಹಾಲ್ವರ್, ನಾರ್ವೆಯ ದೊಡ್ಡ ಕಾದಂಬರಿಕಾರ, ಮೊದಲ ಕಾದಂಬರಿಯಲ್ಲಿ ಅಪ್ಪನ ಕುಡಿತ ಬರೆದ, ಒಡಹುಟ್ಟಿದವನು ಮಾತು ಬಿಟ್ಟ, ಎರಡನೆಯದರಲ್ಲಿ ಹೆಂಡತಿಯನ್ನು ಬರೆದ, ಅವಳು ಮನೆ ಬಿಟ್ಟಳು, ಪ್ರಶಸ್ತಿ ಮಾತ್ರ ಅವನನ್ನು ಬಿಡಲಿಲ್ಲ, ಬರೆಯಲು ತನ್ನವರು ಯಾರೂ ಉಳಿಯದಾಗ ನನ್ನ ಅಡುಗೆಮನೆಗೆ ಬಂದ. ಶಾಂತಾ, ಶಾಂತಾ ಅನ್ನುತ್ತ ಉಣ್ಣುತ್ತಿದ್ದ, ಉಣ್ಣಲಿ ಪಾಪ ಅಂದೆ, ಪಾಪ ಅಂದ ಈ ಬಾಯಿಗೆ ಬೆಂಕಿ ಹಾಕಬೇಕು, ಅವತ್ತೂ ಮೇಜಿನ ಮುಂದೆ ಕೂತಿದ್ದ, ನನ್ನ ಮಗ ಮಹೇಶ ಬೈಕಿನ ಕೀಲಿ ಹಿಡಿದು ನಿಂತೇ ರೊಟ್ಟಿ ಕಚ್ಚುತ್ತಿದ್ದ, ನಿನ್ನ ಹೆಣಾ ಎತ್ತ್ಲಿ, ಕುಂತು ಉಣ್ಣೋ ಅಂದೆ, ನಮ್ಮ ಕಡೆ ಯಾವ ತಾಯಿ ಅನ್ನುವುದಿಲ್ಲ, ನಮ್ಮವ್ವ ಹಾಗೆ ಬೈಯುತ್ತಲೇ ನನ್ನ ತಲೆ ಬಾಚುತ್ತಿದ್ದಳು, ಮಗ ನಕ್ಕ, ಹೆಣಾ ಆಮ್ಯಾಲೆ ಎತ್ತುವಂತಿ ಬೇ, ಮೊದ್ಲ ಈ ರೊಟ್ಟಿ ಎತ್ತಿಡು, ಬಂದು ತಿಂತೀನಿ — ಅರ್ಧ ರೊಟ್ಟಿ, ಅಂಚಿನಲ್ಲಿ ಹಲ್ಲಿನ ಗುರುತು. ಊರ ಹೊರಗಿನ ತಿರುವಿನಲ್ಲಿ ಟ್ರಕ್ಕು ಬಡಿಯಿತು, ಮುಖ ಅನ್ನುವುದೇ ಇರಲಿಲ್ಲ, ನೋಡಬೇಡಿ ಅಂದರು, ನೋಡಿದೆ, ಮನೆಗೆ ಬಂದರೆ ತಾಟಿನಲ್ಲಿ ಆ ರೊಟ್ಟಿ, ಆ ಗುರುತು. ದಿನಕರ್ಮಕ್ಕೆ ಬಂದ ಹಾಲ್ವರ್ ನನ್ನ ಮಗಳು ಸ್ವಪ್ನಾಳನ್ನು ಮೂಲೆಗೆ ಕರೆದು ಕೇಳಿದನಂತೆ, ಅಮ್ಮ ಅವತ್ತು ಅಂದದ್ದರ ಅರ್ಥವೇನು, ಇಲ್ಲೇ ಹುಟ್ಟಿದವಳು ಶಬ್ದ ಶಬ್ದ ಬಿಡಿಸಿ ಇಂಗ್ಲಿಷಿನಲ್ಲಿ ಕೊಟ್ಟಳು, ಹೆಣ ಅಂದರೆ ಹೆಣ, ಎತ್ತು ಅಂದರೆ ಎತ್ತು, ಅದರೊಳಗಿನ ಕಕ್ಕುಲಾತಿಗೆ ಅವಳ ಬಳಿ ಶಬ್ದವಿರಲಿಲ್ಲ. ಈಗ ಕ್ರಾಸ್‌ರೋಡ್ಸ್‌ನ ಈ ಪುಸ್ತಕದಂಗಡಿಯಲ್ಲಿ ಮೂರನೆಯ ಕಾದಂಬರಿ ಓದುತ್ತಿದ್ದಾನೆ, ತಾಯಿ ಮಗನ ಸಾವು ಬೇಡಿದಳು, ಸಾವು ಅವಳ ಮಾತು ಕೇಳಿತು — ಹಳ್ಳಿ ಸಾಲಿ ಕಲಿತವಳಾದರೂ ಇಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ, ಮುಂದಿನ ಸಾಲಿನ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡಳು, ಎಲ್ಲರ ಎದುರು ನನ್ನ ಮಗನನ್ನು ನನ್ನ ಕೈಯಿಂದಲೇ ಕೊಲ್ಲಿಸಿದ, ಅವನ ನಗು ಎಲ್ಲಿ, ರೊಟ್ಟಿ ಎತ್ತಿಡು ಅಂದದ್ದು ಎಲ್ಲಿ, ಅದನ್ನ ಯಾಕ ಬರೀಲಿಲ್ಲೋ ಭಾಡ್ಯಾ, ಎದ್ದೇಬಿಟ್ಟಿದ್ದೇನೆ, ಅವ್ವಾ, ಸಿಟ್ ಡೌನ್, ಪ್ಲೀಸ್, ಸ್ವಪ್ನಾ ಸೆರಗು ಜಗ್ಗುತ್ತಾಳೆ, ಸೆರಗು ಹರಿಯಲಿ, ಶಾಂತಾ, ಇಟ್ಸ್ ಎ ನಾವೆಲ್, ಅನ್ನುತ್ತಾನೆ, ನಾವೆಲ್ ಅಂತೆ, ಮುಂದೆ ನುಗ್ಗಿ ತೆರೆದ ಬಾಯಿಗೇ ಗುದ್ದಿದೆ, ಇನ್ನೊಮ್ಮೆ ಗುದ್ದಿದೆ, ರಕ್ತ ಪುಟದ ಮೇಲೆ ಸುರಿಯಿತು, ಯಾರೋ ನನ್ನ ರಟ್ಟೆ ತಿರುಚುತ್ತಿದ್ದಾರೆ, ತಿರುಚಲಿ, ಮುರಿಯಲಿ, ಮುಷ್ಟಿ ಬಿಚ್ಚುತ್ತಿಲ್ಲ, ಬೆರಳ ಗೆಣ್ಣಿನ ಮೇಲೆ ಕೆಂಪಗೆ, ಸಾಲಾಗಿ — ರೊಟ್ಟಿಯ ಅಂಚು, ಹಲ್ಲಿನ ಗುರುತು, ಹಲ್ಲಿನ ಗುರುತು