ತಮ್ಮನ ಕಣ್ಣು

ಮೈದುನನ ಕೈಯಿಂದ ಶವದ ವ್ಯಾನಿನ ಕೀಲಿಯನ್ನು ಅತ್ತಿಗೆ ಕಿತ್ತುಕೊಂಡಾಗ, ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡಿದರು.

“ಅಣ್ಣನ್ನ ನಾನೇ ಕರ್ಕೊಂಡು ಹೋಗ್ತೀನಿ ಅತ್ತಿಗೆ. ಬೇರೆಯವರು ಓಡಿಸೋದು ಬೇಡ.”

“ನೀನು ಮಾಡಿರೋ ಉಪಕಾರ ಸಾಕಪ್ಪ.”

ಅಣ್ಣತಮ್ಮ ಇಬ್ಬರೂ ಒಂದೇ ಡಿಪೋದಲ್ಲಿ ಬಸ್ಸು ಓಡಿಸಿದವರು. ಎರಡು ವರ್ಷದಿಂದ ಕಣ್ಣು ಕಾಣದ ಅಣ್ಣ ನಿನ್ನೆ ಮನೆಯ ಮೆಟ್ಟಿಲಿನಿಂದ ಉರುಳಿ ತೀರಿಕೊಂಡಿದ್ದ. ಹಾರ ಹಿಡಿದು ಬಂದ ಡಿಪೋ ಮ್ಯಾನೇಜರ್, “ಒಂದು ಆಕ್ಸಿಡೆಂಟ್ ಮಾಡಿದೋನಲ್ಲ. ಚಿನ್ನದಂಥ ಮನುಷ್ಯ” ಎಂದ. ಸತ್ತಮೇಲೆ ಎಲ್ಲರೂ ಚಿನ್ನವೇ. ಕಣ್ಣು ಮಂಜಾದ ಡ್ರೈವರುಗಳನ್ನು ಟೈರು ತೊಳೆಯಲು ಹಾಕುತ್ತಿದ್ದವನೂ ಇದೇ ಪುಣ್ಯಾತ್ಮ.

*

ನಾಲ್ಕು ವರ್ಷದ ಹಿಂದೆ, ಸಕ್ಕರೆ ಕಾಯಿಲೆಯವರ ಕಣ್ಣಿನೊಳಗಿನ ಫೋಟೊ ತೆಗೆಯುವ ಕ್ಯಾಮೆರಾ ಡಿಪೋಗೆ ಬಂದ ದಿನ, ಆ ಕಾಯಿಲೆಯಿದ್ದ ಅಣ್ಣ ಹೆದರಿ ಬೆವರಿದ್ದ. ಅವನ ಹೆಸರು ಕೂಗಿದಾಗ ಎದ್ದುಹೋಗಿ ಕುರ್ಚಿಯಲ್ಲಿ ಕೂತವನು ತಮ್ಮ. ಅದೇ ಖಾಕಿ, ಅದೇ ಮೀಸೆ. ಹೊಸ ನರ್ಸಿಗೆ ಏನು ಗೊತ್ತಾಗಬೇಕು? ಅಣ್ಣನ ಕಣ್ಣು ಚೆನ್ನಾಗಿದೆ ಎಂದು ವರದಿ ಬಂತು. “ತಮ್ಮ ಇರೋವಾಗ ನಂಗ್ಯಾಕೆ ಭಯ” ಎಂದು ಅವನು ಹೆಂಡತಿಯ ಮುಂದೆ ಮೀಸೆ ತಿರುವಿದ. ಅವಳೂ ನಕ್ಕಳು. ಆ ನಗು ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಕಣ್ಣೊಳಗೆ ರಕ್ತ ಒಸರಿದಾಗ ಡಾಕ್ಟರು, “ಆಗಲೇ ಬಂದಿದ್ರೆ ಲೇಸರ್ ಮಾಡಿ ದೃಷ್ಟಿ ಉಳಿಸಬಹುದಿತ್ತಲ್ಲ” ಎಂದರು. ಆಮೇಲೆ ಪ್ರತಿ ಮೆಟ್ಟಿಲನ್ನೂ ಕಾಲ್ಬೆರಳಿನಿಂದ ತಡಕಿ ತಡಕಿ ಇಳಿಯುವುದೇ ಅವನ ಬದುಕಾಯಿತು.

*

“ಈಗ ನಿಂಗೂ ಸಕ್ಕರೆ ಕಾಯಿಲೆ. ನಾಳೆ ಡಿಪೋಗೆ ಕ್ಯಾಮೆರಾ ಬರುತ್ತಂತೆ. ನಿನ್ನ ಬದಲು ಯಾರನ್ನ ಕೂರಿಸ್ತೀಯಾ?”

ವ್ಯಾನಿನ ಕೀಲಿ ಬಿಡದೆ ಅತ್ತಿಗೆ ಮೈದುನನನ್ನು ಕೇಳಿದಳು.

“ಈಗ ಅದೆಲ್ಲ ಯಾಕಮ್ಮಾ...” ಎಂದ ಮ್ಯಾನೇಜರ್.

“ನೀವು ಬಾಯಿ ಮುಚ್ಚಿ ಸಾರ್. ಟೈರು ತೊಳೆಸ್ತೀನಿ ಅಂತ ನೀವು ಹೆದರಿಸದೇ ಇದ್ದಿದ್ರೆ ಇವರಿಗೆ ಈ ಕಳ್ಳಬುದ್ಧಿ ಯಾಕೆ ಬರ್ತಿತ್ತು?”

ಅವಳು ಅಂಗೈಯಿಂದ ಮೈದುನನ ಬಲಗಣ್ಣು ಮುಚ್ಚಿದಳು. “ಗೇಟಿನ ಹತ್ರ ನಿಂತಿರೋದು ಯಾರು, ಹೇಳು.”

ಅವನು ಕತ್ತು ಮುಂದೆ ಚಾಚಿದ. ಹಿಂದೆ ಎಳೆದ.

“ಯಾರೋ... ನೆರೆಮನೆಯವರು.”

ನಿಂತಿದ್ದವಳು ಅವನ ಮಗಳು. ಅಪ್ಪನ ಮಾತು ಕೇಳಿ ಅವಳು ಬಾಯಿಗೆ ಕೈ ಒತ್ತಿಕೊಂಡಳು.

ಅತ್ತಿಗೆ ಕೀಲಿಯನ್ನು ಇನ್ನೊಬ್ಬ ಡ್ರೈವರಿಗೆ ಕೊಟ್ಟಳು. ಮೈದುನ ವ್ಯಾನಿನ ಹಿಂಬದಿಗೆ, ಅಣ್ಣನ ಪಕ್ಕ ಕೂರಲು ಹೋದ. ಹತ್ತುವ ಮೊದಲು ಕಾಲು ಎತ್ತಿ, ಮೆಟ್ಟಿಲು ಎಲ್ಲಿದೆ ಎಂದು ಕಾಲ್ಬೆರಳಿನಿಂದ ತಡಕಿದ.