ಬೇಟೆ ಮುಗಿದ ಮೇಲೆ ಪಾರ್ದಾ

ಮೊಲದ ಬೇಟೆಯ ಕಾಲ ಮುಗಿಯಿತೆಂದರೆ ಲಾ ಮಾಂಚಾದ ನಮ್ಮ ಊರುಗಳಲ್ಲಿ ಗಾಲ್ಗೊ ಎಂಬ ಸಣಕಲು ಬೇಟೆನಾಯಿಗಳಿಗೆ ಗ್ರಹಚಾರ ಶುರು. ಬೇಟೆಯಿದ್ದಾಗ ಮುದ್ದು, ಆಮೇಲೆ ಬೀದಿ. ಪಾರ್ದಾ ಎಂಬ ಬೂದುಬಣ್ಣದ ಹೆಣ್ಣುನಾಯಿಗೂ ಹೋದ ವರ್ಷ ಹಾಗೇ ಆಗಿತ್ತು. ನಾಯಿಗಳ ಆಶ್ರಯಧಾಮದ ಬೆನಿತಾ ಅವಳನ್ನು ಎತ್ತಿ ತಂದು, ಆರೈಕೆ ಮಾಡಿ, ಈಗ ಕಸಿಲ್ದಾಳ ಮನೆಗೆ ಕೊಟ್ಟಿದ್ದಳು. ಕೊಡುವ ಮುಂಚೆ ಅಂಗಳದ ಗೋಡೆಯ ಎತ್ತರ ನೋಡಿದಳು, ಗೇಟಿನ ಚಿಲಕ ಅಲ್ಲಾಡಿಸಿದಳು, ಕೋಳಿಗೂಡಿಗೆ ಬಾಗಿಲು ಹಾಕಿಸಿದಳು.

ಕಸಿಲ್ದಾಳ ಗಂಡ ಫೆರ್ಮಿನ್‌ಗೆ ಇದೊಂದೂ ಸರಿಬರಲಿಲ್ಲ.

"ಪೊಲೀಸ್ನೋರೂ ಇಷ್ಟು ತನಿಖೆ ಮಾಡಲ್ಲ ಕಣೇ. ಗಾಲ್ಗೊ ಅಂದ್ರೆ ಹೊಲದಲ್ಲಿ ಬಿದ್ದಿರೋ ಪ್ರಾಣಿ. ಅದಕ್ಕೆ ಸೋಫಾ ಬೇರೆ ಕೇಡು!"

"ಮೈಮೇಲೆ ಕೊಬ್ಬೇ ಇಲ್ಲ ರೀ, ನೆಲದ ಮೇಲೆ ಮಲಗಿದ್ರೆ ಮೂಳೆ ಒತ್ತುತ್ತೆ. ಬೆನಿತಾ ಹೇಳ್ಲಿಲ್ವಾ?"

"ಬೆನಿತಾ ತಾಳ ಹಾಕಿದ್ಹಾಗೆಲ್ಲ ಕುಣೀತೀಯಲ್ಲ ನೀನು!"

ಬೆನಿತಾ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದಳು. "ಹೊರಗೆ ಕರ್ಕೊಂಡು ಹೋಗೋವಾಗ ಕೊರಳಿಗೊಂದು ಅಗಲದ ಬೆಲ್ಟು, ಎದೆಗೊಂದು ಬೆಲ್ಟು, ಎರಡೂ ಇರ್ಲೇಬೇಕಕ್ಕಾ. ಇವುಗಳ ಕತ್ತಿಗಿಂತ ತಲೆ ಸಣ್ಣ. ಹೆದರಿ ಹಿಂದಕ್ಕೆ ಜಗ್ಗಿದ್ರೆ ಮಾಮೂಲಿ ಬೆಲ್ಟು ನಿಲ್ಲಲ್ಲ."

ಫೆಬ್ರವರಿಯ ಚಳಿಯಲ್ಲಿ ಬರುವ ಸಂತ ಬ್ಲಾಸ್‌ನ ಹಬ್ಬದ ಬೆಳಿಗ್ಗೆ ಕಸಿಲ್ದಾ ಒಲೆಯ ಮುಂದಿದ್ದಳು. ಫೆರ್ಮಿನ್ ತಾನೇ ಪಾರ್ದಾಳನ್ನು ಹೊರಡಿಸಿದ. ಅಷ್ಟೆಲ್ಲ ಕಟ್ಟುವ ತಾಳ್ಮೆ ಅವನಿಗೆಲ್ಲಿ? ಹಿಂದೆ ಕುರಿ ಕಾಯುತ್ತಿದ್ದ ನಾಯಿಯ ಬೆಲ್ಟು ಗೂಟದಲ್ಲಿ ನೇತಾಡುತ್ತಿತ್ತು, ಅದನ್ನೇ ಹಾಕಿದ.

"ಇದ್ರ ಎರಡರಷ್ಟಿದ್ದ ನಾಯೀನೇ ಈ ಬೆಲ್ಟು ಹಿಡಿದಿಟ್ಟಿತ್ತು. ಈ ನರಪೇತಲ ಯಾವ ಲೆಕ್ಕ!"

ಬೀದಿಯ ತಿರುವಿಗೆ ಬಂದಾಗ ಚರ್ಚಿನ ಕಡೆಯಿಂದ ಹಬ್ಬದ ರಾಕೆಟ್ಟು ಢಂ ಎಂದಿತು. ಪಾರ್ದಾ ಹಿಂದಕ್ಕೆ ಜಗ್ಗಿದಳು. ಬೆಲ್ಟು ಕಿವಿ ದಾಟಿ ಕಳಚಿಕೊಂಡಿತು. ಫೆರ್ಮಿನ್ ಕೈಯಲ್ಲಿ ಖಾಲಿ ಬೆಲ್ಟು, ಪಾರ್ದಾ ದ್ರಾಕ್ಷಿ ತೋಟದಲ್ಲಿ. ತೋಟದಾಚೆ ಲಾರಿಗಳು ಓಡಾಡುವ ಹೆದ್ದಾರಿ.

ಸುದ್ದಿ ಕೇಳಿ ಕಸಿಲ್ದಾ ಒಲೆ ಆರಿಸಿದಳು. ಬೆನಿತಾಗೆ ಫೋನು ಮಾಡುತ್ತಲೇ ಓಡಿದಳು. ಅಕ್ಕಪಕ್ಕದವರೂ "ಪಾರ್ದಾ! ಪಾರ್ದಾ!" ಎಂದು ಕೂಗುತ್ತ ತೋಟಕ್ಕೆ ನುಗ್ಗಿದರು. ಫೆರ್ಮಿನ್ ಮೊಪೆಡ್ ಹತ್ತಿ ಬೆನ್ನಟ್ಟಿದ. ಆ ಸದ್ದು ಕೇಳಿದ್ದೇ ತಡ, ಪಾರ್ದಾ ಹೆದ್ದಾರಿಯತ್ತಲೇ ಚಿಮ್ಮಿದಳು.

"ನಿಲ್ಸಣ್ಣಾ ಆ ಗಾಡೀನ!" ಬೆನಿತಾ ಏದುಸಿರು ಬಿಡುತ್ತ ಬಂದಳು. "ಹಿಂದಿನ ಯಜಮಾನ ಅವಳನ್ನ ಬೈಕಿಗೆ ಕಟ್ಟಿ ಓಡಿಸ್ತಿದ್ದ. ನಾನು ತಂದಾಗ ಅಂಗಾಲೆಲ್ಲ ಕಿತ್ತು ಹೋಗಿತ್ತು. ಆ ಸದ್ದಿಗೆ ಜೀವ ಹೋಗುತ್ತೆ ಅವಳಿಗೆ."

ಫೆರ್ಮಿನ್ ಗಾಡಿ ಆಫ್ ಮಾಡಿದ. "ನಂಗ್ಯಾರು ಹೇಳಿದ್ರು ಇದನ್ನ?"

"ನಾನು ಹೇಳೋಕೆ ಕೂತಾಗ ನೀವು ಟೀವಿ ಸದ್ದು ಜಾಸ್ತಿ ಮಾಡಿದ್ರಿ."

ಅವನು ಮೊಪೆಡ್ ಇಳಿದು ಪಕ್ಕಕ್ಕೆ ಒರಗಿಸಿದ. ಸದ್ದು ನಿಂತ ಮೇಲೆ ಪಾರ್ದಾ ದೂರದಲ್ಲಿ, ಹೆದ್ದಾರಿಯಂಚಿನ ಬಳ್ಳಿಗಳ ನಡುವೆ ನಿಂತಿದ್ದಳು.

"ಎಲ್ರೂ ಮನೆಗೆ ಹೋಗಿ," ಎಂದಳು ಬೆನಿತಾ. "ಅಟ್ಟಿದಷ್ಟೂ ಓಡ್ತಾಳೆ, ಕೂಗಿದಷ್ಟೂ ಹೆದರ್ತಾಳೆ. ಕಸಿಲ್ದಕ್ಕಾ, ಅವಳು ಮಲಗೋ ಕಂಬಳಿ, ಎರಡೂ ಬೆಲ್ಟು, ಹುರಿದ ಮಾಂಸದ ತುಂಡು ತಗೊಂಡು ಬಂದು ಇಲ್ಲಿ ನೆಲದ ಮೇಲೆ ಕೂತ್ಕೋ. ಅವಳ ಕಡೆ ನೋಡ್ಬೇಡ. ರಾಕೆಟ್ಟು ನಿಲ್ಸಿ ಅಂತ ಚರ್ಚಿನವರಿಗೆ ನಾನು ಹೇಳ್ತೀನಿ."

"ನಾನು?" ಎಂದ ಫೆರ್ಮಿನ್.

"ಹೆದ್ದಾರಿಗೆ ಹೋಗಿ ಗಾಡಿಗಳನ್ನ ನಿಧಾನ ಮಾಡ್ಸಿ. ನಡ್ಕೊಂಡು ಹೋಗಿ, ಸುತ್ತು ಹಾಕ್ಕೊಂಡು."

ಚಳಿಗಾಲಕ್ಕೆ ಸವರಿದ ದ್ರಾಕ್ಷಿ ಬಳ್ಳಿಗಳ ನಡುವೆ ಕಸಿಲ್ದಾ ಕಂಬಳಿ ಹಾಸಿ ಕೂತಳು. ನೆಲ ಮಂಜುಗಡ್ಡೆಯ ಹಾಗಿತ್ತು. ಬೆನ್ನ ಹಿಂದೆ ಹೆದ್ದಾರಿಯಲ್ಲಿ ಲಾರಿಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ತಿರುಗಿ ನೋಡಲೇ? ಬೇಡ. ಇನ್ನೂ ಬರಲಿಲ್ಲವಲ್ಲ, ದೇವರೇ. ಆಗ ಬ್ರೇಕು ಕಿರ್ರೆಂದು ಕಿರುಚಿತು, ಯಾರೋ ಬೈದರು. ಕಸಿಲ್ದಾ ಕಣ್ಣು ಮುಚ್ಚಿ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ತಿರುಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೊಣಕೈಗೆ ತಣ್ಣನೆಯ ಮೂಗು ತಾಗಿತು. ಪಾರ್ದಾ ಮಾಂಸದ ತುಂಡು ತಿಂದು, ಕಂಬಳಿಯ ಮೇಲೆ ಮುದುಡಿ ಮಲಗಿದಳು. ಅವಳ ನಡುಕ ಇಳಿಯುವವರೆಗೂ ಕಾದು ಕಸಿಲ್ದಾ ಮೆಲ್ಲನೆ ಎರಡೂ ಬೆಲ್ಟು ಕಟ್ಟಿದಳು. ಆಮೇಲೆ ತಡೆಯಲಾರದೆ ಅತ್ತುಬಿಟ್ಟಳು.

ಫೆರ್ಮಿನ್ ಬಂದು ದೂರದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಲಾರಿಗೆ ಅಡ್ಡ ನಿಂತೆ. ಒಂದು ನಾಯಿಗೋಸ್ಕರ ಸಾಯ್ತೀಯೇನಯ್ಯಾ ಅಂತ ಡ್ರೈವರ್ ಬೈದ."

"ನೀವೇನಂದ್ರಿ?"

"ನಾಯಿ ಅಲ್ಲ, ನಮ್ಮನೆ ಹುಡುಗಿ ಅಂದೆ."

ಅಂದಿನಿಂದ ಫೆರ್ಮಿನ್ ಬೀದಿಯ ತಿರುವಿನಲ್ಲೇ ಮೊಪೆಡ್ ಆಫ್ ಮಾಡಿ ಮನೆಯವರೆಗೆ ತಳ್ಳಿಕೊಂಡು ಬರುತ್ತಾನೆ. "ಪೆಟ್ರೋಲ್ ಮುಗೀತಾ ಫೆರ್ಮಿನ್?" ಎಂದು ಹೋಟೆಲಿನ ಮುಂದೆ ಕೂತವರು ದಿನಾ ಕಿಚಾಯಿಸುತ್ತಾರೆ. ಅವನು ತಳ್ಳುತ್ತಲೇ ಮುಂದೆ ಹೋಗುತ್ತಾನೆ.

ಓದುವವರೇ, ಬೇಟೆಗಾರರು ಬಿಟ್ಟುಹೋದ ಇಂಥ ನಾಯಿಗೆ ನಿಮ್ಮ ಮನೆಯಲ್ಲೂ ಜಾಗವಿರಬಹುದು. ತರುವ ಮುಂಚೆ ಗೋಡೆ ನೋಡಿ, ಚಿಲಕ ನೋಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿ. ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಸ್ವಲ್ಪ ಕಾಯಿರಿ, ತಪ್ಪೇನಿಲ್ಲ. ತಂದ ಮೇಲೆ ಎರಡು ಬೆಲ್ಟಿಲ್ಲದೆ ಹೊಸ್ತಿಲು ದಾಟಿಸಬೇಡಿ. ತಪ್ಪಿಸಿಕೊಂಡರೆ ಅಟ್ಟಬೇಡಿ, ಕೂತು ಕಾಯಿರಿ. ಇನ್ನು, ಆ ನಾಯಿ ಪಟ್ಟ ಪಾಡನ್ನು ಹೇಳಲು ಯಾರಾದರೂ ನಿಮ್ಮ ಮನೆಗೆ ಬಂದಾಗ, ದಯವಿಟ್ಟು ಟೀವಿ ಆರಿಸಿ.